ಬಿಯರ್ ವೇಸ್ಟ್ ತಿಂದ ಕರುಗಳಿಗೆ ತಲೆ ಕೆಟ್ಟಿದೆಯೇ?

ಪ್ರಶ್ನೆ: "ನಮ್ಮ ಕೊಟ್ಟಿಗೆಯಲ್ಲಿ ಏಳು ಕರುಗಳಿವೆ. ಚಿಕ್ಕದಕ್ಕೆ ಎರಡೂವರೆ ತಿಂಗಳು, ದೊಡ್ಡದಕ್ಕೆ ಐದು. ಕಾಫ್ ಸ್ಟಾರ್ಟರ್ (ಕರುಗಳಿಗೆಂದೇ ತಯಾರಿಸಿದ ಕಾಳಿನ ಮೇವು) ದುಬಾರಿಯಾಯಿತೆಂದು ಮೂರು ವಾರದ ಹಿಂದೆ ನಿಲ್ಲಿಸಿದೆ. ಮೊದಲು ಒಂದು ಕರುವಿಗೆ ದಿನಕ್ಕೆ ಒಂದೂವರೆ ಕೆಜಿ ಕೊಡುತ್ತಿದ್ದೆ. ಈಗ ಅದರ ಬದಲು ಎರಡು ಕೆಜಿ ಹಸಿ ಬಿಯರ್ ವೇಸ್ಟ್ (ಬಿಯರ್ ಕಾರ್ಖಾನೆಯಲ್ಲಿ ಉಳಿಯುವ ಬಾರ್ಲಿ ಚರಟ), 300 ಗ್ರಾಂ ಡಿಡಿಜಿಎಸ್ (ಎಥನಾಲ್ ಕಾರ್ಖಾನೆಯ ಒಣ ಚರಟ), 200 ಗ್ರಾಂ ಹತ್ತಿಕಾಳು ಹಿಂಡಿ, 200 ಗ್ರಾಂ ಹಳೆ ಬ್ರೆಡ್, 100 ಗ್ರಾಂ ಕಾಕಂಬಿ (ಮೊಲಾಸಸ್) ಕಲಸಿ ಕೊಡುತ್ತೇನೆ. ತೂಕದಲ್ಲಿ ಮೊದಲಿಗಿಂತ ಹೆಚ್ಚೂಕಡಿಮೆ ಎರಡರಷ್ಟು ಆಯಿತು. ತುಳಿದು ಹಾಳು ಮಾಡುತ್ತವೆ ಅಂತ ಒಣಹುಲ್ಲನ್ನು ಒಂದು ಹಿಡಿಗೆ ಇಳಿಸಿದ್ದೇನೆ. ಅದೇ ವಾರ ಚಿಕ್ಕ ಎರಡು ಕರುಗಳಿಗೆ ಹಾಲೂ ಬಿಡಿಸಿದೆ.

ಈಗ ಒಂದರ ಕಿವಿ, ಹೊಕ್ಕುಳನ್ನು ಇನ್ನೊಂದು ಚೀಪುತ್ತದೆ. ಒಂದು ಕರು ಪಕ್ಕದ್ದರ ಗಂಜಲ ಕುಡಿಯುತ್ತದೆ. ಎರಡು ಕರುಗಳು ನಾಲಿಗೆ ಹೊರಹಾಕಿ ಸುರುಳಿ ಸುತ್ತುತ್ತವೆ, ಕಬ್ಬಿಣದ ಸರಳು ನೆಕ್ಕುತ್ತವೆ. ದೊಡ್ಡವೆರಡನ್ನು ಸಂಜೆ ಬಿಟ್ಟರೆ ಬಾಲ ಎತ್ತಿ ಓಡುತ್ತವೆ, ಒಂದನ್ನೊಂದು ಗುಮ್ಮುತ್ತವೆ. ನಾಲ್ಕು ತಿಂಗಳ ಒಂದು ಕರು ಮಾತ್ರ ಎರಡು ದಿನದಿಂದ ಮಂಕಾಗಿದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಬಿಯರ್ ವೇಸ್ಟ್ ನಶೆ ಏರಿಸುತ್ತದೆ, ಕಾಕಂಬಿ ಹುಚ್ಚು ಹಿಡಿಸುತ್ತದೆ ಎನ್ನುತ್ತಾರೆ ಕೆಲವರು. ಹೊಂದಿಕೊಳ್ಳುತ್ತವೆ, ಸುಮ್ನೆ ಇರಿ ಎನ್ನುತ್ತಾರೆ ಇನ್ನು ಕೆಲವರು. ಎಲ್ಲವನ್ನೂ ನಿಲ್ಲಿಸಬೇಕೇ? ಒಣಹುಲ್ಲಿಗೆ ಯೂರಿಯಾ ಹಾಕಿ ಮೆದು ಮಾಡಿ ಕೊಡಬಹುದೇ?"

ಉತ್ತರ:

ಮೊದಲು ಗೋಡೆಗೆ ತಲೆ ಒತ್ತಿ ನಿಂತಿರುವ ಕರುವನ್ನು ನೋಡೋಣ. ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಪಶುವೈದ್ಯರಿಗೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ಅಲ್ಲ, ಈಗಲೇ. ಉಳಿದ ಆರು ಕರುಗಳ ವಿಷಯ ಎರಡು ದಿನ ತಡೆಯುತ್ತದೆ. ಇದು ತಡೆಯುವುದಿಲ್ಲ.

ವೈದ್ಯರು ಬರುವಷ್ಟರಲ್ಲಿ ನೀವು ಎರಡು ಸಂಗತಿ ನೋಡಿಡಿ. ಕರುವಿನ ಕಣ್ಣಿನ ಹತ್ತಿರ ಕೈ ಬೀಸಿ, ಆದರೆ ಗಾಳಿ ತಾಗದ ಹಾಗೆ, ರೆಪ್ಪೆ ಮುಟ್ಟದ ಹಾಗೆ. ಆ ವಯಸ್ಸಿನ ಆರೋಗ್ಯವಂತ ಕರು ಕಣ್ಣು ಮಿಟುಕಿಸಬೇಕು. ಮಿಟುಕಿಸದಿದ್ದರೆ ಅದಕ್ಕೆ ಕಾಣುತ್ತಿಲ್ಲ ಎಂದು ಅನುಮಾನಿಸಬಹುದು. ಆಮೇಲೆ ಕತ್ತಲಲ್ಲಿ ಟಾರ್ಚ್ ಬಿಟ್ಟು, ಕಣ್ಣಿನ ಪಾಪೆ ಕಿರಿದಾಗುತ್ತದೆಯೇ ನೋಡಿ. ಕರು ಕುರುಡಾಗಿದ್ದೂ ಪಾಪೆ ಕಿರಿದಾಗುತ್ತಿದ್ದರೆ ತೊಂದರೆ ಕಣ್ಣಿನಲ್ಲಿಲ್ಲ, ಮೆದುಳಿನಲ್ಲಿದೆ. ಪಾಪೆ ಅಗಲವಾಗಿಯೇ ಉಳಿದರೆ ಎ ಜೀವಸತ್ವದ ಕೊರತೆಯ ಕಡೆಗೂ ಯೋಚಿಸಬೇಕು. ಈ ಎರಡು ಮಾತು ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತವೆ.

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದದ್ದು ಪೋಲಿಯೋಎನ್ಸೆಫಲೋಮಲೇಸಿಯ ಎಂಬ ಮೆದುಳಿನ ಕಾಯಿಲೆ. ಹೆಸರು ಉದ್ದ, ಆಗುವುದು ಇಷ್ಟು: ಮೆದುಳಿನ ಹೊರಪದರ ಊದಿಕೊಂಡು ಮೆತ್ತಗಾಗುತ್ತದೆ. ಕರು ಗುಂಪು ಬಿಟ್ಟು ನಿಲ್ಲುತ್ತದೆ, ಗೋಡೆಗೋ ಗೋದಲಿಗೋ ತಲೆ ಒತ್ತುತ್ತದೆ, ಕುರುಡಾಗುತ್ತದೆ, ಕತ್ತು ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತದೆ. ಕೊನೆಗೆ ಬಿದ್ದು ಫಿಟ್ಸ್ ಬರುತ್ತದೆ. ಇದಕ್ಕೆ ಎರಡು ಮುಖ್ಯ ದಾರಿಗಳು. ಒಂದು, ಥಯಾಮಿನ್ ಎಂಬ ಬಿ1 ಜೀವಸತ್ವದ ಅಭಾವ. ಇನ್ನೊಂದು, ಮೇವು ಮತ್ತು ನೀರಿನಲ್ಲಿ ಗಂಧಕ ಜಾಸ್ತಿಯಾಗುವುದು. ಮೇವು ಬದಲಾದ ಎರಡರಿಂದ ನಾಲ್ಕು ವಾರಗಳ ಆಸುಪಾಸಿನಲ್ಲಿ ಗಂಧಕದ ತೊಂದರೆ ತಲೆ ಎತ್ತುವುದು ಹೆಚ್ಚು. ನಿಮ್ಮದು ಮೂರನೇ ವಾರ. ಬೇಗ ಥಯಾಮಿನ್ ಚುಚ್ಚುಮದ್ದು ಸಿಕ್ಕಿದರೆ ಎಷ್ಟೋ ಕರುಗಳು ಚೇತರಿಸಿಕೊಳ್ಳುತ್ತವೆ. ಹೋದ ದೃಷ್ಟಿ ಮರಳಿ ಬರುವುದೂ ಉಂಟು. ತಡವಾದರೆ ಔಷಧಿ ಕೊಟ್ಟೂ ಪ್ರಯೋಜನ ಕಡಿಮೆ.

ಆದರೆ ಪತ್ರ ಓದಿ ರೋಗ ಹೇಳುವುದು ಸರಿಯಲ್ಲ. ಸೀಸದ ವಿಷವೂ ಹೀಗೇ ಕಾಣುತ್ತದೆ. ಹಳೆ ಬಣ್ಣದ ಬಾಗಿಲು, ಮೂಲೆಯಲ್ಲಿ ಬಿಸಾಡಿದ ಬ್ಯಾಟರಿ, ಇವನ್ನು ಕರು ನೆಕ್ಕಿದರೆ ಸಾಕು. ನಿಮ್ಮ ಕರುಗಳಿಗೆ ಈಗ ಸಿಕ್ಕಿದ್ದನ್ನೆಲ್ಲ ನೆಕ್ಕುವ ಚಟ ಹತ್ತಿದೆ. ಹಾಗಾಗಿ ಕೊಟ್ಟಿಗೆಯ ಸುತ್ತ ಇವತ್ತೇ ಕಣ್ಣಾಡಿಸಿ. ಒಂದೇ ಕಡೆಯ ಕಿವಿ, ತುಟಿ ಜೋತುಬಿದ್ದು ಕರು ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ, ಕೆಟ್ಟ ಸೈಲೇಜಿನಿಂದ (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿಸಿದ ಹಸಿ ಮೇವು) ಬರುವ ಲಿಸ್ಟೀರಿಯಾ ಸೋಂಕನ್ನು ನೆನಪಿಡಬೇಕು. ಬೂಷ್ಟು ಹಿಡಿದ ಹಿಂಡಿಯ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡ ಕರುವನ್ನು ಸುತ್ತಿಸುತ್ತದೆ, ಹಲ್ಲು ಕಡಿಯುವಂತೆ, ಸಗಣಿ ಹಾಕಲು ತಿಣುಕುವಂತೆ ಮಾಡುತ್ತದೆ. ಹುಚ್ಚುನಾಯಿ ರೋಗ ಇರುವ ಕಡೆ ಅದನ್ನೂ ಮರೆಯುವಂತಿಲ್ಲ. ಅದಕ್ಕೇ ಆ ಕರುವಿನ ಬಾಯಿಗೆ ಬರಿಗೈ ಹಾಕಬೇಡಿ.

ಫೋನ್ ಆಯಿತು ಅಂದುಕೊಂಡು ಮುಂದೆ ಹೋಗುತ್ತೇನೆ.

ನೀವು ಏಳು ಕರುಗಳ ವರ್ತನೆಯನ್ನೂ ಒಂದೇ ಗಂಟು ಕಟ್ಟಿ, "ಹೊಸ ಮೇವು ತಲೆ ಕೆಡಿಸಿತೇ" ಎಂದು ಕೇಳಿದ್ದೀರಿ. ಆ ಗಂಟು ಬಿಚ್ಚಬೇಕು. ನಿಮ್ಮ ಕೊಟ್ಟಿಗೆಯಲ್ಲಿ ನಡೆಯುತ್ತಿರುವುದು ಐದು ಬೇರೆ ಬೇರೆ ಕಥೆ. ಒಂದು ಮೆದುಳಿನ ಕಾಯಿಲೆ ಇರಬಹುದು. ಒಂದು ಹಸಿವು. ಒಂದು ಬಾಯಿಗೆ ಕೆಲಸವಿಲ್ಲದ ಸಂಕಟ. ಒಂದು ಉಪ್ಪಿನ ಹುಡುಕಾಟ. ಇನ್ನೊಂದು ಕಾಯಿಲೆಯೇ ಅಲ್ಲ. ಮೇವು ಬದಲಿಸಿದ ಮೇಲೆ ಕರು ವಿಚಿತ್ರವಾಗಿ ಆಡಿದರೆ ನಾವೆಲ್ಲ "ಏನು ಹಾಕಿದೆವು" ಎಂದು ಹುಡುಕುತ್ತೇವೆ. ನನ್ನ ಕೆಲಸದಲ್ಲಿ ನಾನು ಕಲಿತದ್ದು ಬೇರೆ ಪ್ರಶ್ನೆ. ಏನು ಕಡಿಮೆಯಾಯಿತು? ನಿಮ್ಮ ಪತ್ರದಲ್ಲಿ ಹೊಸದಾಗಿ ಸೇರಿದ್ದು ಐದು. ಕಳೆದುಹೋದದ್ದೂ ಐದು: ಒಣಹುಲ್ಲು, ಹಾಲು, ಉಪ್ಪು ಮತ್ತು ಖನಿಜ, ಎ ಜೀವಸತ್ವ, ಮತ್ತು ಹೊಟ್ಟೆಗೆ ನಿಜವಾಗಿ ಸೇರುವ ಮೇವಿನ ಪ್ರಮಾಣ.

ಕೊನೆಯದರಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ನಿಮಗೆ ನಂಬಲು ಕಷ್ಟ. ತೂಕ ಎರಡರಷ್ಟು ಮಾಡಿದ್ದೇನೆ ಎಂದಿದ್ದೀರಿ. ಹಸಿ ಬಿಯರ್ ವೇಸ್ಟಿನಲ್ಲಿ 75ರಿಂದ 80 ಭಾಗ ನೀರು. ಎರಡು ಕೆಜಿ ಹಾಕಿದರೆ ಅದರಲ್ಲಿ ಒಣ ಅಂಶ 400ರಿಂದ 500 ಗ್ರಾಂ ಅಷ್ಟೇ. ಬ್ರೆಡ್ಡಿನಲ್ಲೂ ಮೂರರಲ್ಲಿ ಒಂದು ಪಾಲು ನೀರೇ ಇರುತ್ತದೆ. ನಿಮ್ಮ ಇಡೀ ಮಿಶ್ರಣದ ನೀರು ತೆಗೆದರೆ ಉಳಿಯುವುದು ಸುಮಾರು 1.1 ಕೆಜಿ. ಹಳೆಯ ಒಂದೂವರೆ ಕೆಜಿ ಸ್ಟಾರ್ಟರಿನಲ್ಲಿ 1.3 ಕೆಜಿ ಇತ್ತು. ಜೊತೆಗೆ ಹುಲ್ಲನ್ನೂ ಇಳಿಸಿದ್ದೀರಿ, ಎರಡಕ್ಕೆ ಹಾಲನ್ನೂ. ಬಾನಿ ತುಂಬಿ ಕಾಣುತ್ತಿದೆ, ಕರು ಹಸಿದಿದೆ. ಬೆಳೆಯುವ ವಯಸ್ಸಿನಲ್ಲಿ ದಿನದಿಂದ ದಿನಕ್ಕೆ ಬೇಡಿಕೆ ಏರಬೇಕು. ನಿಮ್ಮಲ್ಲಿ ಅದು ಇಳಿದಿದೆ. ಇದರಲ್ಲಿ ನಿಮ್ಮ ತಪ್ಪು ಹುಡುಕುತ್ತಿಲ್ಲ. ಹಸಿ ಮೇವಿಗೆ ಬದಲಾಗುವ ಬಹಳ ಮಂದಿ ಎಡವುವುದು ಇಲ್ಲೇ. ತಕ್ಕಡಿ ನೀರನ್ನೂ ತೂಗುತ್ತದೆ ಅಲ್ವಾ?

ಈಗ ಚೀಪುವ ವಿಷಯ. ಕರುವಿಗೆ ಹಾಲು ಕುಡಿಯುವುದು ಬೇರೆ, ಚೀಪುವುದು ಬೇರೆ. ಹಾಲಿನ ರುಚಿ ನಾಲಿಗೆಗೆ ತಾಗಿದ ಕೂಡಲೇ ಚೀಪುವ ಆಸೆ ಏಳುತ್ತದೆ. ಬಕೆಟ್ಟಿನಲ್ಲಿ ಕೊಟ್ಟ ಹಾಲು ಎರಡು ನಿಮಿಷಕ್ಕೆ ಖಾಲಿ, ಆದರೆ ಆ ಆಸೆ ಸುಮಾರು ಹತ್ತು ನಿಮಿಷ ಇರುತ್ತದೆ. ಆಗ ಪಕ್ಕದ ಕಿವಿ ಸಿಗುತ್ತದೆ. ಹಾಲು ಬಿಟ್ಟ ಕರುವಿನಲ್ಲೂ ಇದು ಹಸಿವಿನಿಂದ ಮತ್ತೆ ಕಾಣಿಸಿಕೊಳ್ಳುತ್ತದೆ, ಅದರಲ್ಲೂ ಹಾಲನ್ನು ಥಟ್ಟನೆ ಬಿಡಿಸಿದಾಗ. ಇದನ್ನು ಚಿಕ್ಕ ವಿಷಯ ಎಂದು ಬಿಡಬೇಡಿ. ಹೆಣ್ಣುಗರುಗಳು ಈಗ ಕಿವಿ ಚೀಪುತ್ತವೆ, ಆಮೇಲೆ ಒಂದರ ಮೊಲೆ ಇನ್ನೊಂದು ಚೀಪಲು ಕಲಿಯುತ್ತವೆ. ಕರು ಹಾಕುವ ಹೊತ್ತಿಗೆ ಕೆಚ್ಚಲಿನ ಒಂದು ಭಾಗ ಬತ್ತಿಹೋಗಿರುವ ಪಡ್ಡೆಗಳನ್ನು ನಾನು ನೋಡಿದ್ದೇನೆ. ಮಾಲೀಕರು ಕೆಚ್ಚಲು ಬಾವಿಗೆ ಕಾರಣ ಹುಡುಕುತ್ತಿದ್ದರು. ಕಾರಣ ಎರಡು ವರ್ಷ ಹಿಂದಿನದು.

ಚೀಪುವುದನ್ನು ನಿಲ್ಲಿಸಲು ಮುಳ್ಳಿನ ಮೂಗುಪಟ್ಟಿ ಹಾಕಿ ಎಂದು ಯಾರಾದರೂ ಹೇಳಿಯಾರು. ಅದು ಚೀಪಿಸಿಕೊಳ್ಳುವ ಕರುವಿಗೆ ನೋವು ಮಾಡುತ್ತದೆ, ಚೀಪುವ ಕರುವಿನ ಹಸಿವನ್ನು ಹಾಗೇ ಉಳಿಸುತ್ತದೆ. ಬೇರೆಲ್ಲ ಸರಿಪಡಿಸಿದ ಮೇಲೂ ಬಿಡದ ಒಂದು ಕರುವಿಗೆ ಕೊನೆಯ ಉಪಾಯವಾಗಿ ಇರಲಿ, ಮೊದಲೇ ಬೇಡ.

ನಾಲಿಗೆ ಸುರುಳಿ ಸುತ್ತುವುದು, ಸರಳು ನೆಕ್ಕುವುದು ಬೇರೆ ಕಥೆ. ದನ ಅಗಿಯಲು ಹುಟ್ಟಿದ ಪ್ರಾಣಿ. ದೊಡ್ಡ ಹಸು ದಿನಕ್ಕೆ ಏಳೆಂಟು ಗಂಟೆ ಬರೀ ಮೆಲುಕು ಹಾಕುತ್ತದೆ, ತಿನ್ನುವ ಹೊತ್ತು ಬೇರೆ. ಕರು ಎರಡು ವಾರದ ಆಸುಪಾಸಿನಲ್ಲೇ ಹುಲ್ಲಿನ ಎಳೆ ಬಾಯಲ್ಲಿಟ್ಟು ಮೆಲುಕು ಕಲಿಯುತ್ತದೆ. ಆ ಬಾಯಿಗೆ ಹಗಲಿಡೀ ಕೆಲಸ ಬೇಕು. ನಿಮ್ಮ ಮಿಶ್ರಣವನ್ನು ಕರು ಕಾಲು ಗಂಟೆಯಲ್ಲಿ ನೆಕ್ಕಿ ಮುಗಿಸುತ್ತದೆ. ಆಮೇಲೆ? ಸರಳು ಇದೆ, ನಾಲಿಗೆ ಇದೆ.

"ಬಿಯರ್ ವೇಸ್ಟಿನಲ್ಲಿ ನಾರು ಬೇಕಾದಷ್ಟಿದೆಯಲ್ಲ, ಹುಲ್ಲು ಯಾಕೆ" ಎಂದು ಬಹಳ ಜನ ಕೇಳುತ್ತಾರೆ. ನಾರು ಇರುವುದು ನಿಜ. ಪರೀಕ್ಷೆ ಮಾಡಿಸಿದರೆ ಒಣ ಅಂಶದ ಅರ್ಧದ ಹತ್ತಿರ ನಾರೇ ಬರುತ್ತದೆ. ಆದರೆ ಅದು ಬಾರ್ಲಿ ಕಾಳಿನ ಸಿಪ್ಪೆಯ ಚೂರು. ಕಾಗದದ ಮೇಲೆ ನಾರು, ಬಾಯಿಗೆ ಕೆಲಸವಿಲ್ಲ. ಅಗಿಯದಿದ್ದರೆ ಜೊಲ್ಲು ಬರುವುದಿಲ್ಲ. ಜೊಲ್ಲಿನಲ್ಲಿರುವ ಸೋಡಾ ಅಂಶ ಇಳಿಯದಿದ್ದರೆ ಮೊದಲ ಹೊಟ್ಟೆ, ಅಂದರೆ ರೂಮೆನ್, ಹುಳಿಯಾಗುತ್ತದೆ. ಬ್ರೆಡ್ಡು ಮತ್ತು ಕಾಕಂಬಿ ಬಹಳ ಬೇಗ ಹುದುಗುತ್ತವೆ, ಹುಳಿಯನ್ನು ಇನ್ನೂ ಏರಿಸುತ್ತವೆ. ಹುಳಿಯೇರಿದ ಕರು ಒಂದು ದಿನ ಗಬಗಬ ತಿನ್ನುತ್ತದೆ, ಮರುದಿನ ಮುಟ್ಟುವುದಿಲ್ಲ. ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಸಗಣಿ ತೆಳ್ಳಗೆ, ಬೂದು ಬಣ್ಣಕ್ಕೆ, ನೊರೆನೊರೆಯಾಗಿ ಬರುತ್ತದೆ. ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಜಾಸ್ತಿಯಾಗಿ ರಕ್ತಕ್ಕೆ ಸೇರಿದರೆ ಕರು ನಿಜವಾಗಿಯೂ ಕುಡಿದವರ ಹಾಗೆ ತೂರಾಡುತ್ತದೆ. ಬಿಯರ್ ವೇಸ್ಟಿನ ನಶೆ ಎಂದು ಜನ ಹೇಳುವುದರಲ್ಲಿ ಎಷ್ಟೋ ಸಲ ಇದೇ ಇರುತ್ತದೆ.

ಆ ನಶೆಯ ಮಾತನ್ನು ಸ್ಪಷ್ಟ ಮಾಡಿಬಿಡೋಣ. ಬಿಯರ್ ಮಾಡುವಾಗ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ, ಪುಡಿಮಾಡಿ, ಬಿಸಿ ನೀರಿನಲ್ಲಿ ನೆನೆಸುತ್ತಾರೆ. ಸಿಹಿ ನೀರನ್ನು ಸೋಸಿ ತೆಗೆಯುತ್ತಾರೆ. ಉಳಿಯುವ ಚರಟವೇ ನಿಮ್ಮ ಕೊಟ್ಟಿಗೆಗೆ ಬರುವುದು. ಯೀಸ್ಟ್ ಹಾಕುವುದು ಆಮೇಲೆ, ಆ ಸಿಹಿ ನೀರಿಗೆ. ಆಲ್ಕೋಹಾಲ್ ಹುಟ್ಟುವುದೂ ಅಲ್ಲೇ. ಅಂದರೆ ತಾಜಾ ಚರಟ ಆಲ್ಕೋಹಾಲ್ ಹುಟ್ಟುವ ಮೊದಲೇ ಹೊರಗೆ ಬಂದಿರುತ್ತದೆ. ಅದರಿಂದ ನಶೆ ಏರುವ ಪ್ರಶ್ನೆ ಇಲ್ಲ. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಅದೇ ಕಾರ್ಖಾನೆಯಿಂದ ಬರುವ ಯೀಸ್ಟ್ ಕೆಸರು ಬೇರೆ ವಸ್ತು. ಜೀವಂತ ಯೀಸ್ಟ್ ಇರುವ ಆ ಕೆಸರು ಸಕ್ಕರೆ ಅಂಶದ ಜೊತೆ ರೂಮೆನ್ ಸೇರಿದರೆ ಹೊಟ್ಟೆಯೊಳಗೇ ಆಲ್ಕೋಹಾಲ್ ಆಗುತ್ತದೆ, ಉಬ್ಬರವೂ ಬರುತ್ತದೆ. ಕಾಕಂಬಿ ಕೊಡುವ ಕರುವಿಗೆ ಅದನ್ನು ಎಂದೂ ಸೇರಿಸಬೇಡಿ.

ಚರಟದ ನಿಜವಾದ ಅಪಾಯ ಅದು ಕೆಡುವುದರಲ್ಲಿದೆ. ಇಷ್ಟು ನೀರಿರುವ ವಸ್ತು ಸೆಕೆಯಲ್ಲಿ ಎರಡು ಮೂರು ದಿನಕ್ಕೆ ಹಾಳಾಗುತ್ತದೆ. ಮೊಳಕೆ ಕಾಳು ಮತ್ತು ಮಾಲ್ಟ್ ಉಳಿಕೆಗಳ ಮೇಲೆ ಆಸ್ಪರ್ಜಿಲಸ್ ಕ್ಲಾವೇಟಸ್ ಎಂಬ ಬೂಷ್ಟು ಬೆಳೆಯುತ್ತದೆ. ಅದರ ವಿಷ ನರಗಳಿಗೆ ಬಡಿಯುತ್ತದೆ. ದನ ನಡುಗುತ್ತದೆ, ಹಿಂಗಾಲಿನ ಗೊರಸಿನ ಗೆಣ್ಣು ಮುಂದಕ್ಕೆ ಮಡಚಿಕೊಳ್ಳುತ್ತದೆ, ಓಡಿಸಿದರೆ ಕುಸಿದು ಬೀಳುತ್ತದೆ. ನಂಬಬಹುದಾದ ಔಷಧಿ ಇದಕ್ಕಿಲ್ಲ. ಹಾಗಾಗಿ ಮೇಲೆ ಬೂಷ್ಟು ಕಂಡರೆ ಅಷ್ಟನ್ನು ಮಾತ್ರ ಕೆರೆದು ಉಳಿದದ್ದನ್ನು ಕೊಡುವ ಅಭ್ಯಾಸ ಬೇಡ. ತಂದ ದಿನವೇ ಡ್ರಮ್ಮಿಗೆ ಒತ್ತಿ ತುಂಬಿ, ಗಾಳಿ ಹೋಗದ ಹಾಗೆ ಮುಚ್ಚಿ. ತೆರೆದ ಡ್ರಮ್ಮನ್ನು ಬೇಗ ಖಾಲಿ ಮಾಡಿ. ಹುಳಿ ವಾಸನೆ ಪರವಾಗಿಲ್ಲ. ಮುಗ್ಗಲು ವಾಸನೆ, ಹಸಿರು ಅಥವಾ ಬಿಳಿ ಬೂಷ್ಟು ಕಂಡರೆ ಗೊಬ್ಬರದ ಗುಂಡಿಗೆ ಹಾಕಿ.

ಕಾಕಂಬಿ ಹುಚ್ಚು ಹಿಡಿಸುತ್ತದೆ ಎಂಬ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ. ಕ್ಯೂಬಾ ದೇಶದಲ್ಲಿ ಕಬ್ಬಿನ ಕಾಕಂಬಿಯೇ ಮುಖ್ಯ ಆಹಾರವಾಗಿ ದನ ಸಾಕುವ ಪದ್ಧತಿ ಬಂತು. ಅಲ್ಲಿ ಕೆಲವು ದನಗಳು ತೂರಾಡಿ, ಕುರುಡಾಗಿ, ತಲೆ ಒತ್ತಿ ನಿಲ್ಲತೊಡಗಿದವು. ಅದಕ್ಕೆ ಅವರು 'ಬೊರಾಚೆರಾ' ಎಂದರು, ಸ್ಪ್ಯಾನಿಷ್‌ನಲ್ಲಿ ಕುಡಿತದ ಅಮಲು ಎಂದರ್ಥ. ಅದು ಕಾಣಿಸಿಕೊಂಡದ್ದು ಮುಖ್ಯವಾಗಿ ಕಾಕಂಬಿ ಯಥೇಚ್ಛ ಇದ್ದು ಹುಲ್ಲು ತೀರಾ ಕಡಿಮೆಯಾದ ಕಡೆ. ನಿಮ್ಮ 100 ಗ್ರಾಂ ಕಾಕಂಬಿ ತಾನಾಗಿ ಏನೂ ಮಾಡದು. ಅಲ್ಲಿಯೂ ಪ್ರಾಣ ಹಿಂಡಿದ್ದು ಹುಲ್ಲಿನ ಅಭಾವ ಎಂಬುದನ್ನು ಗಮನಿಸಿ.

ಗಂಧಕದ ಲೆಕ್ಕವೂ ಹುಲ್ಲಿಗೇ ಬಂದು ಮುಟ್ಟುತ್ತದೆ. ಡಿಡಿಜಿಎಸ್ ಬರುವುದು ಎಥನಾಲ್ ಕಾರ್ಖಾನೆಯಿಂದ. ಅಲ್ಲಿ ಹುಳಿಯ ಮಟ್ಟ ಸರಿಪಡಿಸಲು, ಪಾತ್ರೆ ತೊಳೆಯಲು ಗಂಧಕಾಮ್ಲ ಬಳಸುತ್ತಾರೆ. ಅದರ ಉಳಿಕೆ ಮೇವಿಗೆ ಬರುತ್ತದೆ, ಒಂದೊಂದು ಲಾಟಿನಲ್ಲಿ ಒಂದೊಂದು ಮಟ್ಟದಲ್ಲಿ. ಒಂದು ಲಾಟಿನಲ್ಲಿ ಗಂಧಕ ಶೇ 0.8 ಇದೆ ಅಂದುಕೊಳ್ಳಿ. ನಿಮ್ಮ ಮಿಶ್ರಣದ ಒಣ ಅಂಶದಲ್ಲಿ ಡಿಡಿಜಿಎಸ್ ಕಾಲು ಭಾಗ. ಅಲ್ಲಿಂದಲೇ ಶೇ 0.2 ಬಂತು. ಬಿಯರ್ ವೇಸ್ಟ್, ಹತ್ತಿಕಾಳು ಹಿಂಡಿ, ಕಾಕಂಬಿಯಲ್ಲೂ ಗಂಧಕ ಇದೆ. ಕುಡಿಯುವ ನೀರು ಗಡುಸಾಗಿದ್ದು ಅದರಲ್ಲಿ ಸಲ್ಫೇಟ್ ಇದ್ದರೆ ಅದೂ ಸೇರುತ್ತದೆ. ಹುಲ್ಲು ಕಡಿಮೆ, ಹಿಂಡಿ ಜಾಸ್ತಿ ಇರುವ ಮೇವಿನಲ್ಲಿ ಒಟ್ಟು ಗಂಧಕ ಶೇ 0.3 ದಾಟಬಾರದು. ಹುಲ್ಲು ಶೇ 40ಕ್ಕಿಂತ ಹೆಚ್ಚಿದ್ದರೆ ಶೇ 0.5ರವರೆಗೆ ದನ ತಡೆದುಕೊಳ್ಳುತ್ತದೆ. ಈ ವ್ಯತ್ಯಾಸ ಯಾಕೆ? ಹುಳಿಯಾದ ರೂಮೆನ್‌ನಲ್ಲಿ ಗಂಧಕ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವಾಗುವುದು ಜಾಸ್ತಿ. ಕರು ತೇಗಿದಾಗ ಅದನ್ನೇ ಉಸಿರಿಗೆ ಎಳೆದುಕೊಳ್ಳುತ್ತದೆ, ಅದು ಮೆದುಳಿಗೆ ತಾಗುತ್ತದೆ. ಒಂದು ಹಿಡಿಗೆ ಇಳಿಸಿದ ಹುಲ್ಲು ಇಲ್ಲಿ ಕಾವಲುಗಾರ ಆಗಿತ್ತು. ಅದನ್ನು ತೆಗೆದ ವಾರವೇ ಡಿಡಿಜಿಎಸ್ ಒಳಗೆ ಬಂತು.

ಗಂಜಲ ಕುಡಿಯುವ ಕರು ಉಪ್ಪು ಹುಡುಕುತ್ತಿರಬೇಕು. ಸ್ಟಾರ್ಟರಿನಲ್ಲಿ ಉಪ್ಪು, ಖನಿಜ, ಎ ಜೀವಸತ್ವ ಸೇರಿಸಿರುತ್ತಾರೆ. ಚೀಲ ನಿಂತಾಗ ಅವೂ ನಿಂತವು. ನಿಮ್ಮ ಮಿಶ್ರಣದಲ್ಲಿ ಅವು ಯಾವುದೂ ಇಲ್ಲ. ಹಸಿರು ಹುಲ್ಲಿನ ಮಾತೇ ನಿಮ್ಮ ಪತ್ರದಲ್ಲಿಲ್ಲ, ಹಾಗಾಗಿ ಎ ಜೀವಸತ್ವವೂ ಅನುಮಾನ. ಅದು ಕಡಿಮೆಯಾದರೆ ಇರುಳುಗುರುಡು ಬರುತ್ತದೆ. ಮುಸ್ಸಂಜೆಯಲ್ಲಿ ಕರು ಕಂಬಕ್ಕೆ, ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆಯೇ ನೋಡಿ. ಇನ್ನೊಂದು: ಕಾಳಿನ ಉಳಿಕೆಗಳಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆ. ಕ್ಯಾಲ್ಸಿಯಂ ರಂಜಕದ ಒಂದೂವರೆ ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಹೋರಿಗರುಗಳಲ್ಲಿ ಮೂತ್ರದ ಕಲ್ಲು ಕಟ್ಟುತ್ತದೆ. ಹೋರಿಗರು ಬಾಲ ಆಡಿಸುತ್ತಾ, ತಿಣುಕುತ್ತಾ, ಹನಿಹನಿಯಾಗಿ ಗಂಜಲ ಹಾಕಿದರೆ ಅದನ್ನು "ತಂಟೆ ಮಾಡುತ್ತಿದೆ" ಎಂದು ಬಿಡಬೇಡಿ. ಅದೂ ತುರ್ತು.

ಇನ್ನು ಬಾಲ ಎತ್ತಿ ಓಡುವ ಎರಡು ಕರುಗಳು. "ಕೊಬ್ಬು ಜಾಸ್ತಿಯಾಗಿದೆ" ಎಂದು ಹಿರಿಯರು ಹೇಳುವುದು ಇದಕ್ಕೇ, ಆ ಮಾತು ಅರ್ಧ ಸರಿ. ಆಟಕ್ಕೆ ಶಕ್ತಿ ಬೇಕು. ಹಸಿದ ಕರು ಆಡುವುದಿಲ್ಲ, ಹಾಲು ಕಡಿಮೆ ಮಾಡಿದರೆ ಓಟ ನೆಗೆತ ಮೊದಲು ಕಡಿಮೆಯಾಗುತ್ತದೆ. ದೊಡ್ಡ ಕರುಗಳು ಬಾನಿಯಲ್ಲಿ ಚಿಕ್ಕವನ್ನು ತಳ್ಳಿ ತಮ್ಮ ಪಾಲಿಗಿಂತ ಜಾಸ್ತಿ ತಿನ್ನುತ್ತಿರಬೇಕು. ದಿನವಿಡೀ ಕಟ್ಟಿದ್ದು ಸಂಜೆ ಬಿಟ್ಟರೆ ಓಡುವುದು ಸಹಜ ಅಲ್ವಾ? ಓಡಿ ಬಂದು ನಿಂತು, ನಿಮ್ಮನ್ನು ನೋಡಿ, ಮತ್ತೆ ನೆಗೆದರೆ ಅದು ಆಟ. ಯಾವುದನ್ನೂ ನೋಡದೆ ಓಡಿ ಬೇಲಿಗೆ ನುಗ್ಗಿದರೆ, ಮೈ ನಡುಗಿದರೆ, ಮುಟ್ಟಿದ್ದಕ್ಕೆಲ್ಲ ಬೆಚ್ಚಿಬಿದ್ದರೆ ಅದು ಆಟವಲ್ಲ.

ಅಂಥ ಕುರುಡು ಓಟ ನಿಜವಾಗಿ ತರುವ ಒಂದು ಮೇವಿದೆ, ಅದು ನಿಮ್ಮ ಯೂರಿಯಾ ಪ್ರಶ್ನೆಗೆ ಸಂಬಂಧಪಟ್ಟದ್ದು, ಏಕೆಂದರೆ ಯೂರಿಯಾ ಒಡೆದರೆ ಅಮೋನಿಯಾ ಆಗುತ್ತದೆ. ಸಕ್ಕರೆ ಅಂಶ ಇರುವ ಒಳ್ಳೆಯ ಹುಲ್ಲಿಗೋ ಕಾಕಂಬಿಗೋ ಅಮೋನಿಯಾ ಸೇರಿ, ಅದು ಬಿಸಿಯೇರಿದರೆ 4-ಮೀಥೈಲ್ ಇಮಿಡಜೋಲ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ತಿಂದ ದನ ಇದ್ದಕ್ಕಿದ್ದಂತೆ ಸುತ್ತು ಸುತ್ತಾಗಿ ಓಡುತ್ತದೆ, ಎದುರಿಗೆ ಸಿಕ್ಕಿದ್ದಕ್ಕೆ ಗುದ್ದುತ್ತದೆ, ಆಮೇಲೆ ಏನೂ ಆಗದ ಹಾಗೆ ನಿಲ್ಲುತ್ತದೆ. ಅಮೆರಿಕದ ರೈತರು ಇದಕ್ಕೆ 'ಬೊವೈನ್ ಬಾಂಕರ್ಸ್' ಎಂದು ಹೆಸರಿಟ್ಟಿದ್ದಾರೆ. ತಾಯಿ ಅಂಥ ಹುಲ್ಲು ತಿಂದು ಸರಿಯಾಗಿಯೇ ಇದ್ದು, ಅದರ ಹಾಲು ಕುಡಿದ ಕರುವಿಗೆ ಮಾತ್ರ ಹೀಗಾಗುವುದುಂಟು. ಸತ್ವ ಕಡಿಮೆ ಇರುವ ಒಣಹುಲ್ಲಿನಲ್ಲಿ ಸಕ್ಕರೆ ತೀರಾ ಕಡಿಮೆ ಇರುವುದರಿಂದ ಈ ಅಪಾಯ ಬಹಳ ಕಡಿಮೆ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಮುಚ್ಚಿಡುವ ವಿಧಾನ ದೊಡ್ಡ ದನಗಳಿಗೆ ಒಳ್ಳೆಯದೇ. ಆದರೆ ನಿಮ್ಮ ಕರುಗಳಿಗೆ ಬೇಡ. ಆರು ತಿಂಗಳ ಒಳಗಿನ ಕರುವಿನ ರೂಮೆನ್‌ಗೆ ಯೂರಿಯಾವನ್ನು ಸರಿಯಾಗಿ ಬಳಸಿಕೊಳ್ಳುವ ಶಕ್ತಿ ಬಂದಿರುವುದಿಲ್ಲ. ಸರಿಯಾಗಿ ಕರಗದ ಯೂರಿಯಾ ಹರಳು ಒಂದೇ ಕಡೆ ಸಿಕ್ಕರೆ ಅರ್ಧ ಗಂಟೆಯಲ್ಲಿ ಮುಖ, ಕಿವಿ ಅದುರಿ, ಜೊಲ್ಲು ಸುರಿದು, ಹೊಟ್ಟೆ ಉಬ್ಬಿ, ಒದರುತ್ತಾ ಬೀಳುತ್ತದೆ.

ಕಾಫಿ ಹಣ್ಣಿನ ಸಿಪ್ಪೆ, ಕೋಕೋ ಸಿಪ್ಪೆಯ ಬಗ್ಗೆಯೂ ಆಗಾಗ ಕೇಳುತ್ತಾರೆ. ಕಾಫಿ ಸಿಪ್ಪೆಯಲ್ಲಿ ಕೆಫೀನ್, ಕೋಕೋದಲ್ಲಿ ಥಿಯೋಬ್ರೊಮಿನ್ ಇದೆ. ಎರಡೂ ಕರುವನ್ನು ಕೆರಳಿಸುತ್ತವೆ. ತಿನ್ನುವುದು ಕಡಿಮೆ, ಓಡಾಟ ಜಾಸ್ತಿ, ಗಂಜಲ ಜಾಸ್ತಿ, ಮೈ ಮಾತ್ರ ಹಿಡಿಯುವುದಿಲ್ಲ. ಕರುಗಳಿಗೆ ನಾನು ಅವನ್ನು ಹೇಳುವುದಿಲ್ಲ.

ಹತ್ತಿಕಾಳು ಹಿಂಡಿಯನ್ನು ಇವತ್ತಿನಿಂದಲೇ ಈ ಕರುಗಳಿಗೆ ನಿಲ್ಲಿಸಿ. ಅದರ ಗಾಸಿಪಾಲ್ ಎಂಬ ವಿಷವನ್ನು ದೊಡ್ಡ ಹಸುವಿನ ರೂಮೆನ್ ಕಟ್ಟಿಹಾಕುತ್ತದೆ, ಕರುವಿನದು ಹಾಗೆ ಮಾಡದು. ಅದು ಹೃದಯಕ್ಕೆ ಬಡಿಯುತ್ತದೆ. ವಾರಗಟ್ಟಲೆ ಸ್ವಲ್ಪ ಮಂಕು, ಸ್ವಲ್ಪ ಏದುಸಿರು ಅಷ್ಟೇ ಕಾಣುತ್ತದೆ, ಆಮೇಲೆ ಒಂದು ದಿನ ಕರು ಥಟ್ಟನೆ ಬಿದ್ದುಬಿಡುತ್ತದೆ.

ಹಾಗಾದರೆ ಏನು ಮಾಡುವುದು? ನಿಮ್ಮ ಮುಂದೆ ಇರುವ ದಾರಿಗಳನ್ನು ಹೇಳುತ್ತೇನೆ, ಅವುಗಳ ತೊಂದರೆಯನ್ನೂ.

ಎಲ್ಲ ನಿಲ್ಲಿಸಿ ಬರೀ ಹುಲ್ಲು ಕೊಡಬಹುದು. ಗಂಧಕ, ಹುಳಿ ಎರಡೂ ನಿಲ್ಲುತ್ತವೆ. ಆದರೆ ಮೂರು ತಿಂಗಳ ಕರುವಿನ ಹೊಟ್ಟೆ ಬರೀ ಒಣಹುಲ್ಲಿನಿಂದ ಬದುಕುವಷ್ಟು ದೊಡ್ಡದಲ್ಲ. ಬರಬರುತ್ತಾ ಹೊಟ್ಟೆ ಡೊಳ್ಳು, ಬೆನ್ನು ಮೂಳೆ ಆಗುತ್ತದೆ. ವೈದ್ಯರು ನೋಡುವವರೆಗಿನ ಒಂದೆರಡು ದಿನಕ್ಕೆ ಮಾತ್ರ ಇದು ಸರಿ.

ಎಲ್ಲ ಕರುಗಳನ್ನೂ ಸ್ಟಾರ್ಟರಿಗೆ ಮರಳಿಸಬಹುದು. ಇದು ಸುರಕ್ಷಿತ, ಖರ್ಚು ಜಾಸ್ತಿ. ಹಾಗೆ ಮಾಡುವುದಾದರೂ ಒಂದೇ ದಿನಕ್ಕೆ ಒಂದೂವರೆ ಕೆಜಿ ಸುರಿಯಬೇಡಿ. ಹಸಿದ ಕರು ಒಮ್ಮೆಗೇ ತಿಂದು ಹೊಟ್ಟೆ ಹುಳಿ ಮಾಡಿಕೊಳ್ಳುತ್ತದೆ. ಅರ್ಧ ಕೆಜಿಯಿಂದ ಶುರು ಮಾಡಿ ನಾಲ್ಕೈದು ದಿನದಲ್ಲಿ ಏರಿಸಿ.

ನಾನಾಗಿದ್ದರೆ ಕರುಗಳನ್ನು ಎರಡು ಗುಂಪು ಮಾಡುತ್ತಿದ್ದೆ. ಚಿಕ್ಕ ಎರಡಕ್ಕೆ ಪೂರ್ತಿ ಸ್ಟಾರ್ಟರ್, ಸಾಧ್ಯವಿದ್ದರೆ ಸ್ವಲ್ಪ ಹಾಲು ಮತ್ತೆ, ಮೊಲೆತೊಟ್ಟಿರುವ ಬಾಟಲಿಯಲ್ಲಿ. ಹಾಲನ್ನು ಹತ್ತು ದಿನಗಳಲ್ಲಿ ಇಳಿಸುತ್ತಾ ಬರಬೇಕು. ಮೂರು ದಿನ ಸತತವಾಗಿ ದಿನಕ್ಕೆ ಒಂದು ಕೆಜಿ ಸ್ಟಾರ್ಟರ್ ತಿಂದ ಮೇಲಷ್ಟೇ ಪೂರ್ತಿ ಬಿಡಿಸಬೇಕು. ಈ ಎರಡಕ್ಕೆ ಸ್ಟಾರ್ಟರ್ ಉಳಿಸಲು ಹೋಗಬೇಡಿ. ರೂಮೆನ್ನಿನ ಒಳಗೋಡೆ ಬೆಳೆಯುವ ವಯಸ್ಸು ಇದು, ಕಾಳು ಹುದುಗಿದಾಗ ಬರುವ ಬ್ಯುಟಿರೇಟ್ ಆಮ್ಲವೇ ಅದನ್ನು ಬೆಳೆಸುವುದು.

ದೊಡ್ಡವಕ್ಕೆ ಮೊದಲು ಹುಲ್ಲು. ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಎತ್ತರದ ಗೋದಲಿಯಲ್ಲಿ ಹಾಕಿದರೆ ತುಳಿಯುವುದು ಕಡಿಮೆ. ಪುಡಿ ಮಾಡಬೇಡಿ, ಮತ್ತೆ ಬಾಯಿಗೆ ಕೆಲಸ ತಪ್ಪುತ್ತದೆ. ಹುಲ್ಲು ಹಗಲು ರಾತ್ರಿ ಮುಂದೆ ಇರಲಿ. ಡಿಡಿಜಿಎಸ್ ಪೂರ್ತಿ ನಿಲ್ಲಿಸಿ, ಆ ಲಾಟಿನ ಗಂಧಕ ಎಷ್ಟೆಂದು ಮಾರಿದವರನ್ನು ಕೇಳಿ ಅಥವಾ ಪರೀಕ್ಷೆ ಮಾಡಿಸಿ. ತಾಜಾ ಬಿಯರ್ ವೇಸ್ಟನ್ನು ಒಟ್ಟು ಒಣ ಅಂಶದ ಐದನೇ ಒಂದು ಪಾಲಿನೊಳಗೆ ಇಟ್ಟುಕೊಂಡು ಮುಂದುವರಿಸಬಹುದು. ಅದು ಕೆಟ್ಟ ಮೇವಲ್ಲ, ಪ್ರೋಟೀನು ಚೆನ್ನಾಗಿದೆ. ಉಳಿದದ್ದು ಸ್ಟಾರ್ಟರ್ ಆಗಿರಲಿ, ಅಥವಾ ಮೆಕ್ಕೆಜೋಳ, ಸೋಯಾ ಹಿಂಡಿ, ಬೂಸಾ, ಖನಿಜ ಮಿಶ್ರಣ, ಉಪ್ಪು ಸೇರಿದ ಮನೆಯ ಮಿಶ್ರಣ ಆಗಿರಲಿ. ಬ್ರೆಡ್ ಬೇಡ. ಕಾಕಂಬಿ ರುಚಿಗೆ ಸ್ವಲ್ಪ ಇರಲಿ. ಈ ದಾರಿಯ ತೊಂದರೆ ಏನೆಂದರೆ ದಿನವೂ ಚರಟ ನೋಡಬೇಕು, ಮೂಸಬೇಕು, ಲೆಕ್ಕ ಇಡಬೇಕು. ಅಷ್ಟು ಹೊತ್ತಿಲ್ಲದಿದ್ದರೆ ಸ್ಟಾರ್ಟರೇ ಅಗ್ಗ.

ಹೀಗೇ ಮುಂದುವರಿಸಿ, ಹೊಂದಿಕೊಳ್ಳುತ್ತವೆ ಎಂಬ ದಾರಿಯನ್ನು ನಾನು ಒಪ್ಪಲಾರೆ. ಚೀಪುವ ಚಟ ತಿಂಗಳು ಕಳೆದರೆ ಗಟ್ಟಿಯಾಗುತ್ತದೆ. ಒಂದು ಕರುವಿನ ಮೆದುಳಿಗೆ ತಾಗಿರಬಹುದಾದ ಮೇವನ್ನೇ ಉಳಿದ ಆರೂ ತಿನ್ನುತ್ತಿವೆ.

ಮುಂದೆ ಹೊಸ ಮೇವು ತರುವಾಗ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ, ಹತ್ತರಿಂದ ಹದಿನಾಲ್ಕು ದಿನ ತೆಗೆದುಕೊಳ್ಳಿ. ರೂಮೆನ್ನಿನ ಸೂಕ್ಷ್ಮಜೀವಿಗಳಿಗೂ ಹೊತ್ತು ಬೇಕು, ಕರುವಿನ ನಾಲಿಗೆಗೂ ಬೇಕು. ಹೊಸ ವಾಸನೆಗೆ ಹೆದರುವುದು ದನದ ಹುಟ್ಟುಗುಣ. ಹೊಟ್ಟೆ ಕೆಡಿಸಿದ ರುಚಿಯನ್ನು ಅವು ನೆನಪಿಟ್ಟು ದೂರ ಇಡುತ್ತವೆ ಎಂಬುದನ್ನು ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಡ್ ಪ್ರೊವೆನ್ಜಾ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದರು. ಕೆಟ್ಟ ಬಿಯರ್ ವೇಸ್ಟ್ ಒಮ್ಮೆ ತಿಂದ ಕರು ತಾಜಾದ್ದನ್ನೂ ಮುಟ್ಟದಿದ್ದರೆ ಅದರ ಹಟ ಎನ್ನಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಒಂಟಿಯಾಗಿ ಬೆಳೆದ ಕರುಗಳಿಗಿಂತ ಗುಂಪಿನಲ್ಲಿ ಬೆಳೆದವು ಹೊಸ ಮೇವಿಗೆ ಬೇಗ ಬಾಯಿ ಹಾಕುವುದನ್ನು ಕಂಡರು. ತಿನ್ನಲು ಗೊತ್ತಿರುವ ಕರುವನ್ನು ಪಕ್ಕದಲ್ಲಿ ಬಿಡಿ, ಚಿಕ್ಕದು ನೋಡಿ ಕಲಿಯುತ್ತದೆ. ಆದರೆ ಎಲ್ಲವೂ ಒಟ್ಟಿಗೆ ತಿನ್ನುವಷ್ಟು ಬಾನಿ ಉದ್ದ ಇರಬೇಕು, ಇಲ್ಲದಿದ್ದರೆ ಚಿಕ್ಕದರ ಪಾಲು ದೊಡ್ಡದರ ಹೊಟ್ಟೆಗೆ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಮಧ್ಯಾಹ್ನ ಮಲಗಿರುವ ಕರುಗಳಲ್ಲಿ ಎಷ್ಟು ಮೆಲುಕು ಹಾಕುತ್ತಿವೆ, ಯಾವುದು ಯಾವುದನ್ನು ಚೀಪಿತು, ಸಗಣಿ ಹೇಗಿದೆ. ಹುಲ್ಲು ಮರಳಿದ ಮೇಲೆ ಮೆಲುಕು ಮೊದಲು ಸರಿಹೋಗುತ್ತದೆ. ನಾಲಿಗೆ ಆಡಿಸುವುದು ನಿಧಾನಕ್ಕೆ ಇಳಿಯುತ್ತದೆ. ಚೀಪುವುದು ಕೊನೆಗೆ ಬಿಡುತ್ತದೆ, ಅದಕ್ಕೆ ತಾಳ್ಮೆ ಬೇಕು. ಉಪ್ಪಿನ ಗಡ್ಡೆಯನ್ನು ಇವತ್ತೇ ಕಟ್ಟಿ, ಪಕ್ಕದಲ್ಲಿ ಶುದ್ಧ ನೀರು ಸದಾ ಇರಲಿ.

ಗೋಡೆಗೆ ತಲೆ ಒತ್ತಿದ್ದ ಕರುವಿಗೆ ವೈದ್ಯರು ಏನು ಕೊಟ್ಟರು, ಎಷ್ಟನೇ ದಿನಕ್ಕೆ ಕಣ್ಣು ಮಿಟುಕಿಸಿತು, ದಯವಿಟ್ಟು ಬರೆಯಿರಿ. ನಾನು ಕಾಯುತ್ತಿರುತ್ತೇನೆ.